ಅಟ್ಟ ಎಂದರೆ ಉಂಬುಳ: ಕಾಡಿನ ಶಿಬಿರಕ್ಕೆ ಹೋದ ನಮ್ಮ ಮಕ್ಕಳು

(ಗಡಿನಾಡಿನ ಕನ್ನಡ ಯುವಜನರ ಒಂದು ಕೂಟದಲ್ಲಿ ಕಾಸರಗೋಡು ಕಡೆಯ ಹೈಸ್ಕೂಲು ಜೀವಶಾಸ್ತ್ರ ಅಧ್ಯಾಪಿಕೆಯೊಬ್ಬರು ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ, ಪಾಠ ಮಾಡಿ ಅಭ್ಯಾಸ. ಮಧ್ಯದಲ್ಲಿ ಯಾರನ್ನಾದರೂ ಎಬ್ಬಿಸಿ ಪ್ರಶ್ನೆ ಕೇಳಿದರೆ ಬೇಜಾರು ಮಾಡ್ಬೇಡಿ. ಹಿಂದಿನ ಸಾಲಿನವರಿಗೂ ಇದು ಅನ್ವಯ.

ಒಂದು ತಮಾಷೆಯ ಸಂಗತಿಯಿಂದ ಸುರು ಮಾಡ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಕನ್ನಡ ಮಾಧ್ಯಮದ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕರಕೊಂಡು ಕೇರಳದ ಒಂದು ಅಭಯಾರಣ್ಯಕ್ಕೆ ಪ್ರಕೃತಿ ಶಿಬಿರಕ್ಕೆ ಹೋಗಿದ್ದೆವು. ಯಾವುದು ಅಂತ ಹೇಳುದಿಲ್ಲ, ಯಾಕೆ ಅಂತ ಆಮೇಲೆ ಗೊತ್ತಾಗ್ತದೆ. ಮಳೆ ಬಿಟ್ಟು ಹೆಚ್ಚು ದಿನ ಆಗಿರಲಿಲ್ಲ. ಸಂಜೆ ಕಾಡಿನೊಳಗೆ ನಡೆಯುವ ಮೊದಲು ವಾಚರಣ್ಣ ಎಲ್ಲರನ್ನೂ ನಿಲ್ಲಿಸಿ ಗಟ್ಟಿಯಾಗಿ ಹೇಳಿದ್ರು: "ಇವಿಡೆ ಅಟ್ಟ ಉಂಡ್, ಸೂಕ್ಷಿಕ್ಕಣಂ." ನಮ್ಮ ಅರ್ಧಕ್ಕರ್ಧ ಮಕ್ಕಳು ತಲೆ ಎತ್ತಿ ಮೇಲೆ ನೋಡಿದ್ರು! ಕಾಡಿನಲ್ಲಿ ಅಟ್ಟ ಯಾರು ಕಟ್ಟಿದ್ದು, ಅಡಿಕೆ ಒಣಗಿಸಲಿಕ್ಕಾ ಅಂತ ಒಬ್ಬ ಕೇಳಿಯೂ ಕೇಳಿದ. ಅಟ್ಟ ಅಂದರೆ ಮಲಯಾಳದಲ್ಲಿ ಉಂಬುಳ. ಜಿಗಣೆ ಅಂತ ಪುಸ್ತಕದಲ್ಲಿರುತ್ತದೆ, ಕೊಡಗಿನವರು ಇಂಬಳ ಅಂತಾರೆ. ಮೇಲೆ ನೋಡುತ್ತಾ ನಿಂತವರ ಕಾಲಿಗೆ ಅಷ್ಟರಲ್ಲಿ ನಾಲ್ಕೈದು ಹತ್ತಿಯಾಗಿತ್ತು.

ನಕ್ಕಾಯ್ತು. ಆದರೆ ಆ ಎರಡು ದಿನ ಬಾಕಿ ಎಲ್ಲವೂ ಹಾಗೆಯೇ ಆಯ್ತು, ಅದಕ್ಕೆ ನಗು ಬರಲಿಲ್ಲ.

ನಮ್ಮ ಮಕ್ಕಳಿಗೆ ಮಲಯಾಳ ಗೊತ್ತಿಲ್ಲ ಅಂತಲ್ಲ. ಬಸ್ಸಿನ ಮಲಯಾಳ ಗೊತ್ತುಂಟು, ಅಂಗಡಿಯ ಮಲಯಾಳ ಗೊತ್ತುಂಟು, ಸಿನೆಮಾದ್ದಂತೂ ನನಗಿಂತ ಚೆನ್ನಾಗಿ ಗೊತ್ತುಂಟು. ಆದರೆ ಮರದ ಹೆಸರು, ಹಕ್ಕಿಯ ಹೆಸರು, 'ಆಹಾರ ಸರಪಣಿ', 'ಅಧಿನಿವೇಶ ಸಸ್ಯ' ಅಂತ ಪಾಠದ ಮಲಯಾಳದಲ್ಲಿ ಒಂದು ಗಂಟೆ ತರಗತಿ ನಡೆದರೆ ಮನೆಯಲ್ಲಿ ತುಳು, ಹವ್ಯಕ, ಕರಾಡ, ಮರಾಟಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತ ಮಗುವಿಗೆ ಅದು ತಲೆಯ ಮೇಲಿನಿಂದ ಹೋಗ್ತದೆ. ಕೊಟ್ಟ ಕರಪತ್ರ ಮಲಯಾಳ. ರಾತ್ರಿ ತೋರಿಸಿದ ಸಿನೆಮಾ ಮಲಯಾಳ. ಕೊನೆಯ ದಿನ ಮಕ್ಕಳು ಅನುಭವ ಹೇಳುವ ಸಮಯ ಬಂತು. ಬೇರೆ ಶಾಲೆಯ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದ್ರು. ನಮ್ಮವರು ಒಬ್ಬರೂ ಏಳಲಿಲ್ಲ. ಅಲ್ಲಿಯ ಒಬ್ಬರು ನನ್ನ ಹತ್ತಿರ ಬಂದು, "ನಿಮ್ಮ ಮಕ್ಕಳಿಗೆ ಪ್ರಕೃತಿಯಲ್ಲಿ ಅಷ್ಟೊಂದು ಆಸಕ್ತಿ ಇದ್ದ ಹಾಗೆ ಕಾಣುದಿಲ್ಲ" ಅಂದ್ರು. ಬೈದದ್ದಲ್ಲ, ಅವರಿಗೆ ಕಂಡದ್ದನ್ನು ಹೇಳಿದ್ದು.

ಬಸ್ಸಿನಲ್ಲಿ ವಾಪಸು ಬರುವಾಗ ಆ ಮಕ್ಕಳ ನೋಟ್‌ಬುಕ್ ತೆಗೆದು ನೋಡಿದೆ. ಖಾಲಿ. ತಾರೀಕು, ಜಾಗದ ಹೆಸರು, ಅಷ್ಟೇ. ಒಬ್ಬಳು ಹುಡುಗಿ ಮಾತ್ರ ಒಂದು ಎಲೆಯ ಚಿತ್ರ ಬಿಡಿಸಿ ಕೆಳಗೆ 'ಉಪ್ಪಳಿಗೆ' ಅಂತ ಬರೆದು, ಮತ್ತೆ ಅದನ್ನು ಹೊಡೆದು ಹಾಕಿದ್ದಳು. ಯಾಕೆ ಹೊಡೆದು ಹಾಕಿದ್ದು ಅಂತ ಕೇಳಿದೆ. "ಅವರು ಬೇರೆ ಎಂತದೋ ಹೆಸರು ಹೇಳಿದ್ರು ಟೀಚರ್. ನಾವು ಹೇಳುದು ತಪ್ಪಿರ್ಬೇಕು ಅಂತ."

ನಾನು ಇವತ್ತು ಇಲ್ಲಿ ಬಂದು ನಿಂತದ್ದು ಹೊಡೆದು ಹಾಕಿದ ಆ ಒಂದು ಶಬ್ದದಿಂದಾಗಿ.

ಈ ಶಿಬಿರ ಅಂದರೆ ಎಂತ, ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳ್ಬೇಕು. ನಿಮ್ಮಲ್ಲಿ ತಾಳವಾಡಿ, ಹೊಸೂರು, ಸೊಲ್ಲಾಪುರದ ಕಡೆಯಿಂದ ಬಂದವರಿದ್ದೀರಿ, ನಿಮಗೆ ಇದು ಹೊಸತಿರಬಹುದು. ಕೇರಳದಲ್ಲಿ ಶಾಲಾ ಮಕ್ಕಳನ್ನು ಕಾಡಿಗೆ ಕರಕೊಂಡು ಹೋಗಿ ಪಾಠ ಮಾಡುವ ಪದ್ಧತಿ ಗಟ್ಟಿಯಾದದ್ದು ನಮ್ಮ ಪಕ್ಕದ ಪಯ್ಯನ್ನೂರಿನಿಂದ. ಪಯ್ಯನ್ನೂರು ಕಾಲೇಜಿನಲ್ಲಿ ಜೋನ್ ಸಿ. ಜೇಕಬ್ ಅಂತ ಪ್ರಾಣಿಶಾಸ್ತ್ರದ ಅಧ್ಯಾಪಕರಿದ್ದರು. 1970ರ ದಶಕದಲ್ಲಿ ಅವರು ವಿದ್ಯಾರ್ಥಿಗಳ ಕ್ಲಬ್ ಕಟ್ಟಿ, ಹುಡುಗರನ್ನು ಸಮುದ್ರದ ಕರೆಯ ಏಳಿಮಲೆ ಗುಡ್ಡೆಗೆ ಕರಕೊಂಡು ಹೋಗಿ ಶಿಬಿರ ಮಾಡಿದ್ರು. ಏಳಿಮಲೆ ನಿಮಗೆ ಗೊತ್ತುಂಟಲ್ಲ, ಈಗ ನೌಕಾ ಅಕಾಡೆಮಿ ಇರುವಲ್ಲಿ. ಪ್ರಯೋಗಾಲಯದಲ್ಲಿ ಕಪ್ಪೆ ಕೊಯ್ಯುವ ಬದಲು ಕಪ್ಪೆ ಇರುವಲ್ಲಿಗೆ ಹೋಗಿ ಕೂತು ನೋಡುವುದು, ಅಷ್ಟೇ ಅದರ ಗುಟ್ಟು. ಆ ಬಳಗದಿಂದಲೇ 'ಸೀಕ್' ಅಂತ ಸಂಘಟನೆ, 'ಸೂಚಿಮುಖಿ' ಅಂತ ಪತ್ರಿಕೆ ಎಲ್ಲ ಬಂತು. ಅವರ ಶಿಬಿರಗಳಲ್ಲಿ ಕೂತೆದ್ದ ಹುಡುಗರೇ ಮುಂದೆ ಊರೂರಿನಲ್ಲಿ ಪರಿಸರದ ಕೆಲಸ ಮಾಡಿದವರು. ಆಮೇಲೆ ಅರಣ್ಯ ಇಲಾಖೆಯೇ ಅಭಯಾರಣ್ಯಗಳಲ್ಲಿ ಇಂಥ ಶಿಬಿರ ನಡೆಸುವ ಪದ್ಧತಿ ಬಂತು. ಒಂದು ದಿನದ್ದುಂಟು, ಎರಡು, ಮೂರು ದಿನದ್ದೂ ಉಂಟು. ಶಾಲೆಯ ಲೆಟರ್‌ಹೆಡ್‌ನಲ್ಲಿ ಹೆಡ್‌ಮಾಸ್ಟರು ವೈಲ್ಡ್‌ಲೈಫ್ ವಾರ್ಡನ್‌ಗೆ ಅರ್ಜಿ ಬರೆಯಬೇಕು. ಒಂದು ತಂಡದಲ್ಲಿ ಹೆಚ್ಚು ಕಡಿಮೆ ನಲವತ್ತು ಮಕ್ಕಳು, ಹುಡುಗಿಯರಿದ್ದರೆ ಒಬ್ಬರು ಟೀಚರ್ ಕಡ್ಡಾಯ. ಉಳಿಯುವುದಕ್ಕೂ ಊಟಕ್ಕೂ ಸಾಮಾನ್ಯವಾಗಿ ಮಕ್ಕಳು ದುಡ್ಡು ಕೊಡ್ಬೇಕಂತ ಇಲ್ಲ, ಬಸ್ಸಿನ ಖರ್ಚು ಮಾತ್ರ ನಮ್ಮದು. ಬೆಳಗ್ಗೆ ಬೇಗ ಎದ್ದು ಹಕ್ಕಿ ನೋಡುವುದು, ಆಮೇಲೆ ಕಾಡಿನಲ್ಲಿ ನಡಿಗೆ, ಮಧ್ಯಾಹ್ನ ತರಗತಿ, ರಾತ್ರಿ ಸಿನೆಮಾ ಅಥವಾ ಚರ್ಚೆ. ಮೊಬೈಲಿನಲ್ಲಿ ಪದ್ಯ ಇಲ್ಲ, ಪ್ಲಾಸ್ಟಿಕ್ ಇಲ್ಲ, ಕೆಂಪು ಹಳದಿ ಅಂಗಿ ಇಲ್ಲ.

ಸರಕಾರ ಕೊಡುವ ಸವಲತ್ತುಗಳಲ್ಲಿ ಇಷ್ಟು ಒಳ್ಳೆಯದು ನಾನು ಕಂಡದ್ದು ಕಡಿಮೆ. ಆದರೆ ನಮ್ಮ ಕಡೆಯ ಕನ್ನಡ ಮಾಧ್ಯಮ ಶಾಲೆಗಳಿಂದ ಯಾರು ಯಾರು ಹೋಗಿದ್ದೀರಿ, ಕೈ ಎತ್ತಿ ನೋಡುವ. (ಇಲ್ಲಿ ಮೂರು ಕೈ ಎದ್ದವು.) ನೋಡಿ.

ಎರಡನೇ ಸರ್ತಿ ನಾವು ಹೋದದ್ದು ಆರಳಕ್ಕೆ. ಆರಳಂ ಅಭಯಾರಣ್ಯ ಕಣ್ಣೂರು ಜಿಲ್ಲೆಯಲ್ಲಿ ಇರಿಟ್ಟಿಯ ಆಚೆ ಉಂಟು. 1984ರಲ್ಲಿ ಆದದ್ದು, ಬರೇ 55 ಚದರ ಕಿಲೋಮೀಟರು, ಸಣ್ಣದು. ಆದರೆ ಅದರ ಬೆನ್ನಿಗೆ ಬ್ರಹ್ಮಗಿರಿ ಉಂಟು. ಆ ಗುಡ್ಡೆಯ ಆಚೆ ಬದಿ ಕೊಡಗು, ಅಲ್ಲಿಂದ ಆಚೆ ಅದೇ ಕಾಡಿಗೆ ಕರ್ನಾಟಕದ ಬ್ರಹ್ಮಗಿರಿ ವನ್ಯಜೀವಿಧಾಮ ಅಂತ ಹೆಸರು. ಆನೆಗೆ ಈ ಬೋರ್ಡು ಯಾವುದೂ ಓದಲಿಕ್ಕೆ ಬರುದಿಲ್ಲ.

ಈ ಸರ್ತಿ ಹೋಗುವ ಮೊದಲು ನಾವು ಮಾಡಿದ್ದು ಎರಡೇ ಕೆಲಸ. ಒಂದು, ನನ್ನ ಇಬ್ಬರು ಹಳೇ ವಿದ್ಯಾರ್ಥಿಗಳನ್ನು ಜೊತೆಗೆ ಕರಕೊಂಡು ಹೋದದ್ದು. ಒಬ್ಬಳು ಡಿಗ್ರಿ ಓದುತ್ತಿದ್ದಳು, ಒಬ್ಬ ಇಲೆಕ್ಟ್ರಿಶಿಯನ್. ಇಬ್ಬರಿಗೂ ಕನ್ನಡ, ತುಳು, ಮಲಯಾಳ ಮೂರೂ ನೀರು ಕುಡಿದ ಹಾಗೆ. ಇಬ್ಬರಿಗೂ ಹಕ್ಕಿ ಚಿಟ್ಟೆ ಅಂತ ಎಂತ ದೊಡ್ಡ ಜ್ಞಾನವೂ ಇರಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ. ಇನ್ನೊಂದು, ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ನಾಲ್ಕು ಕಂಬ ಮಾಡಿಸಿದ್ದು. ಮೊದಲನೆಯದರಲ್ಲಿ ಕಂಡದ್ದು ಎಂತ, ಚಿತ್ರ ಬಿಡಿಸಿದರೂ ಆಯ್ತು. ಎರಡನೆಯದರಲ್ಲಿ ನಮ್ಮ ಮನೆಯಲ್ಲಿ ಅದಕ್ಕೆ ಎಂತ ಹೇಳ್ತೇವೆ. ಮೂರನೆಯದರಲ್ಲಿ ಶಿಬಿರದಲ್ಲಿ ಎಂತ ಹೇಳಿದ್ರು. ನಾಲ್ಕನೆಯದರಲ್ಲಿ ಅದು ಎಂತ ಮಾಡ್ತಾ ಇತ್ತು, ಎಷ್ಟು ಗಂಟೆಗೆ. ಹೊಡೆದು ಹಾಕ್ಲಿಕ್ಕೆ ಇಲ್ಲ ಅಂತ ಮೊದಲೇ ತಾಕೀತು.

ಮೊದಲ ದಿನವೇ ಹೊಳೆಯ ಹತ್ತಿರ ಹೋದೆವು. ಆ ಹೊಳೆಗೆ ಚೀಂಕಣ್ಣಿ ಹೊಳೆ ಅಂತ ಹೆಸರು. ಚೀಂಕಣ್ಣಿ ಅಂದರೆ ಮಲಯಾಳದಲ್ಲಿ ಮೊಸಳೆ ಅಂತ ನಮ್ಮ ಇಲೆಕ್ಟ್ರಿಶಿಯನ್ ಅನುವಾದ ಮಾಡಿದ್ದೇ ತಡ, ಮುಂದೆ ನಿಂತವರೆಲ್ಲ ಹಿಂದೆ ಬಂದ್ರು. ಮೊಸಳೆ ಕಾಣಲಿಲ್ಲ, ಚಿಟ್ಟೆ ಕಂಡಿತು. ಡಿಸೆಂಬರ್ ಕೊನೆಯಿಂದ ಚಳಿಗಾಲ ಮುಗಿಯುವವರೆಗೆ ಅಲ್ಲಿ ಬಿಳಿ ಚಿಟ್ಟೆಗಳ ವಲಸೆ ಉಂಟು, ಆಲ್ಬಟ್ರಾಸ್ ಅಂತ ಅದರ ಇಂಗ್ಲಿಷ್ ಹೆಸರು. ಹೊಳೆಯ ಗುಂಟ ಒಂದೇ ದಿಕ್ಕಿಗೆ ಹಾರಿಕೊಂಡು ಹೋಗ್ತಾ ಇರ್ತವೆ, ಯಾರೋ ಕಾಗದ ಹರಿದು ಗಾಳಿಗೆ ಬಿಟ್ಟ ಹಾಗೆ. ಆರಳದಲ್ಲಿ 250ಕ್ಕೂ ಹೆಚ್ಚು ಜಾತಿಯ ಚಿಟ್ಟೆ ದಾಖಲಾಗಿದೆ, ಎರಡು ದಶಕಕ್ಕೂ ಮೇಲ್ಪಟ್ಟು ಪ್ರತಿವರ್ಷ ಆಸಕ್ತರು ಸೇರಿ ಅಲ್ಲಿ ಚಿಟ್ಟೆ ಗಣತಿ ಮಾಡ್ತಾರೆ. ನಮ್ಮ ಮಕ್ಕಳೂ ಎಣಿಸಿದ್ರು. ಐದು ನಿಮಿಷ ಒಂದು ಕಡೆ ನಿಂತು ಎಷ್ಟು ದಾಟಿದವು ಅಂತ. ಒಬ್ಬನ ಲೆಕ್ಕಕ್ಕೂ ಇನ್ನೊಬ್ಬನ ಲೆಕ್ಕಕ್ಕೂ ತಾಳೆ ಆಗ್ಲಿಲ್ಲ, ಜಗಳ ಆಯ್ತು, ಮತ್ತೆ ಎಣಿಸಿದ್ರು. ವಿಜ್ಞಾನ ಅಂದರೆ ಇದೇ ಜಗಳ ಅಂತ ನಾನು ಹತ್ತು ವರ್ಷ ಬೋರ್ಡಿನ ಮುಂದೆ ನಿಂತು ಹೇಳಿದ್ದಕ್ಕಿಂತ ಅಲ್ಲಿ ಹತ್ತು ನಿಮಿಷದಲ್ಲಿ ಹೆಚ್ಚು ಗೊತ್ತಾಯ್ತು ಅವರಿಗೆ.

ಒದ್ದೆ ಹೊಯ್ಗೆಯ ಮೇಲೆ ಚಿಟ್ಟೆಗಳು ರಾಶಿ ರಾಶಿ ಕೂತಿದ್ದವು. ನೀರು ಕುಡಿಯಲಿಕ್ಕೆ ಅಂತ ಮಕ್ಕಳು ಅಂದುಕೊಂಡ್ರು. ಹೆಚ್ಚಾಗಿ ಗಂಡು ಚಿಟ್ಟೆಗಳು ಅವು, ಮಣ್ಣಿನಲ್ಲಿರುವ ಉಪ್ಪು, ಲವಣ ಹೀರಲಿಕ್ಕೆ ಬರುವುದು, ಕೂಡುವಾಗ ಅದು ಹೆಣ್ಣಿಗೆ ಸೇರಿ ಮೊಟ್ಟೆಗೆ ಬಲ ಕೊಡ್ತದೆ ಅಂತ ಅಲ್ಲಿಯವರು ವಿವರಿಸಿದ್ರು. ನಮ್ಮ ಹುಡುಗಿ ಅನುವಾದ ಮಾಡುವಾಗ ಸ್ವಲ್ಪ ನಾಚಿಕೊಂಡಳು. ಮಕ್ಕಳು ನಾಚಿಕೊಳ್ಳಲಿಲ್ಲ. ಹಿಂದಿನಿಂದ ಒಬ್ಬ ಕೇಳಿದ, "ಹಾಗಾದರೆ ಮದುವೆಗೆ ಮೊದಲು ಗಂಡಿನ ಕಡೆಯವರು ಉಪ್ಪು ತರ್ಬೇಕಾ ಟೀಚರ್?" ಅದನ್ನು ಅನುವಾದ ಮಾಡಿ ಹೇಳಿದಾಗ ತರಗತಿ ನಡೆಸುತ್ತಿದ್ದವರೂ ಹೊಟ್ಟೆ ತುಂಬ ನಕ್ಕರು. ಹೋದ ಸರ್ತಿ ಎರಡು ದಿನ ಬಾಯಿ ತೆರೆಯದ ಶಾಲೆ ಇದು!

ಮರುದಿನ ನಡಿಗೆಯಲ್ಲಿ ಒಂದು ಮರದ ಹತ್ತಿರ ನಿಂತೆವು. ಅಗಲದ ಎಲೆ, ತೊಟ್ಟು ಎಲೆಯ ನಡುವಿಗೆ ಅಂಟಿಕೊಂಡ ಹಾಗೆ, ಕೊಡೆಯ ಕೋಲಿನ ಹಾಗೆ. ಜೊತೆಗಿದ್ದ ವಾಚರ್ 'ವಟ್ಟ' ಅಂದ್ರು. ನಮ್ಮ ಒಬ್ಬ ಹುಡುಗಿ ಮೆಲ್ಲ 'ಉಪ್ಪಳಿಗೆ' ಅಂದಳು. ಅನುವಾದಕಿ ಬಿಡಲಿಲ್ಲ, "ಗಟ್ಟಿ ಹೇಳು, ಇದರಲ್ಲಿ ಮನೆಯಲ್ಲಿ ಎಂತ ಮಾಡ್ತೀರಿ?" ಅಂತ ಕೇಳಿದಳು. "ಇದರ ಎಲೆಯಲ್ಲಿ ಗಟ್ಟಿ ಬೇಯಿಸ್ತಾರೆ ಅಜ್ಜಿ" ಅಂತ ಹುಡುಗಿ. ಅದನ್ನು ಮಲಯಾಳದಲ್ಲಿ ಕೇಳಿದ ಕೂಡಲೇ ಆ ವಾಚರಣ್ಣನ ಮುಖ ನೋಡ್ಬೇಕಿತ್ತು. ಅವರ ಮನೆಯಲ್ಲೂ ಇದೇ ಎಲೆಯಲ್ಲಿ ಅಡೆ ಬೇಯಿಸ್ತಾರಂತೆ, ಅವರ ಅಮ್ಮ. ಆಮೇಲೆ ದಾರಿಯುದ್ದಕ್ಕೂ ಅವರು ಒಂದೊಂದು ಗಿಡ ಮುಟ್ಟಿ "ಇದಕ್ಕೆ ನಿಮ್ಮಲ್ಲಿ ಎಂತ ಹೇಳ್ತೀರಿ" ಅಂತ ಕೇಳ್ತಾ ಹೋದ್ರು. ನಮ್ಮ ಮಕ್ಕಳು ಹೇಳಿದ ಹೆಸರುಗಳನ್ನು ಅವರೂ ಒಂದು ಚೀಟಿಯಲ್ಲಿ ಬರೆದುಕೊಂಡ್ರು. ಕೆಂದಳಿಲು ಕಂಡಾಗ ನಮ್ಮವರು ಮೊದಲು ಕೂಗಿದ್ರು, ಅವರು 'ಮಲಯಣ್ಣಾನ್' ಅಂದ್ರು. ಬೆಳಗ್ಗೆ ಕತ್ತಲೆಯಲ್ಲಿ ಹೊಳೆಯ ಬದಿ ಒಂದು ಹಕ್ಕಿ ಮನುಷ್ಯರ ಹಾಗೆಯೇ ಸಿಳ್ಳೆ ಹಾಕ್ತಿತ್ತು. ಇಂಗ್ಲಿಷಿನವರು ಅದನ್ನು ಸಿಳ್ಳೆ ಹಾಕುವ ಶಾಲೆಯ ಹುಡುಗ ಅಂತ ಕರೆದದ್ದು, ಮಲಯಾಳದವರು 'ಚೂಳಕ್ಕಾಕ್ಕ', ಸಿಳ್ಳೆಯ ಕಾಕೆ. ನಮ್ಮ ಮಕ್ಕಳು ಅದಕ್ಕೆ ಅಲ್ಲಿಯೇ ತಮ್ಮ ಕ್ಲಾಸಿನ ಒಬ್ಬ ಹುಡುಗನ ಹೆಸರು ಇಟ್ಟರು, ಯಾರದ್ದು ಅಂತ ಹೇಳಿದ್ರೆ ಅವನು ನಾಳೆ ನನಗೆ ಫೋನ್ ಮಾಡ್ತಾನೆ.

ಹೆಸರಿನ ವಿಷಯ ಬಂತಲ್ಲ, ಒಂದು ಹೊಟ್ಟೆಕಿಚ್ಚಿನ ಮಾತು ಹೇಳಿಬಿಡ್ತೇನೆ. ಮಲಯಾಳದ ನಿಸರ್ಗಪ್ರೇಮಿಗಳು ಚಿಟ್ಟೆಗಳಿಗೆ ಒಂದೊಂದಾಗಿ ತಮ್ಮ ಭಾಷೆಯಲ್ಲಿ ಹೆಸರಿಟ್ಟಿದ್ದಾರೆ. ಕೇರಳದ ರಾಜ್ಯ ಚಿಟ್ಟೆ 'ಬುದ್ಧಮಯೂರಿ', ಎಷ್ಟು ಚಂದದ ಹೆಸರು ನೋಡಿ. ದೊಡ್ಡ ಬರ್ಡ್‌ವಿಂಗ್ ಚಿಟ್ಟೆಗೆ 'ಗರುಡ ಶಲಭ'. ಅದೇ ಬರ್ಡ್‌ವಿಂಗ್ ಕರ್ನಾಟಕದ ರಾಜ್ಯ ಚಿಟ್ಟೆ, ಅದನ್ನು ಕನ್ನಡದಲ್ಲಿ ಎಂತ ಹೇಳುದು ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತುಂಟು? ಕನ್ನಡದಲ್ಲಿ ಈ ಕೆಲಸ ಮಾಡುವವರಿದ್ದಾರೆ, ಇಲ್ಲ ಅಂತಲ್ಲ. ಆದರೆ ನಾವು ಗಡಿಯಲ್ಲಿ ಇರುವವರು ಎರಡೂ ಕಡೆ ನೋಡಬಲ್ಲವರು. ಪಕ್ಕದ ಮನೆಯವರು ಹೇಗೆ ಮಾಡಿದ್ರು ಅಂತ ನೋಡಿ ಕಲಿಯುವುದಕ್ಕೆ ನಮಗಿಂತ ಅನುಕೂಲ ಯಾರಿಗುಂಟು?

ಈಗ ಸ್ವಲ್ಪ ಕಷ್ಟದ ವಿಷಯ. ಆ ರಾತ್ರಿ ಚರ್ಚೆಯಲ್ಲಿ ಆನೆಯ ಬಗ್ಗೆ ಮಾತು ಬಂತು. ಆನೆ ಎಷ್ಟು ಬುದ್ಧಿವಂತ ಪ್ರಾಣಿ, ಎಷ್ಟು ನೀರು ಬೇಕು, ದಾರಿ ಹೇಗೆ ನೆನಪಿಟ್ಟುಕೊಳ್ತದೆ, ಎಲ್ಲ. ದೇಲಂಪಾಡಿ ಕಡೆಯಿಂದ ಬಂದ ಒಬ್ಬ ಹುಡುಗ, ಯಾವತ್ತೂ ಹಿಂದೆ ಕೂರುವವ, ಎದ್ದು ನಿಂತು ಕನ್ನಡದಲ್ಲೇ ಕೇಳಿದ: "ನಮ್ಮ ತೋಟಕ್ಕೆ ಆನೆ ಬಂದು ಬಾಳೆ, ಅಡಿಕೆ ಎಲ್ಲ ಮುರಿದು ಹಾಕ್ತದೆ ಸಾರ್. ಅಪ್ಪ ರಾತ್ರಿ ಇಡೀ ಟಾರ್ಚ್ ಹಿಡಿದು ಕೂರ್ತಾರೆ. ಆಗ ಆನೆ ಬುದ್ಧಿವಂತ ಅಂತ ಅಪ್ಪನಿಗೆ ಹೇಗೆ ಹೇಳುದು?"

ನಮ್ಮ ಅನುವಾದಕ ಒಂದು ಕ್ಷಣ ನನ್ನ ಮುಖ ನೋಡಿದ. ಹೇಳ್ಬೇಕಾ, ಬೇಡವಾ ಅಂತ. ಹೇಳು ಅಂದೆ. ಒಂದು ಶಬ್ದ ಬಿಡದೆ ಹೇಳಿದ.

ಆರಳದ ಪಕ್ಕದಲ್ಲೇ ಆರಳಂ ಫಾರ್ಮ್ ಉಂಟು, ಭೂಮಿ ಇಲ್ಲದ ಆದಿವಾಸಿ ಕುಟುಂಬಗಳಿಗೆ ಜಾಗ ಕೊಟ್ಟ ಸ್ಥಳ. ಅಲ್ಲಿ ಆನೆಯಿಂದ ಜನ ಸತ್ತಿದ್ದಾರೆ, ಒಬ್ಬಿಬ್ಬರಲ್ಲ. ಹಾಗಾಗಿ ಉತ್ತರ ಕೊಡುವವರಿಗೂ ಈ ಪ್ರಶ್ನೆ ಪುಸ್ತಕದ್ದಾಗಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೋಲಾರ್ ಬೇಲಿ ಎಲ್ಲಿ ಕೆಲಸ ಮಾಡ್ತದೆ ಎಲ್ಲಿ ಮಾಡುದಿಲ್ಲ, ಬೇಲಿಯ ಬುಡದ ಬಳ್ಳಿ ಕಡಿಯದಿದ್ದರೆ ಯಾಕೆ ಕರೆಂಟು ಸೋರ್ತದೆ, ಆನೆ ಒಣ ಕೊಂಬೆ ಹಾಕಿ ತಂತಿ ಬೀಳಿಸುವುದು ಹೇಗೆ, ಕಂದಕ ಮಳೆಗೆ ಯಾಕೆ ತುಂಬಿಹೋಗ್ತದೆ, ಎಲ್ಲವನ್ನೂ ಹೇಳಿದ್ರು. ನಮ್ಮಿಂದ ಸರಿಯಾದ ಪರಿಹಾರ ಇನ್ನೂ ಆಗಿಲ್ಲ ಅಂತಲೂ ಹೇಳಿದ್ರು. ಆ ಹುಡುಗ ನಾಲ್ಕು ಪುಟ ಬರೆದ. ವಾಪಸು ಬಂದು, ಆನೆ ಬಂದ ತಾರೀಕು, ಗಂಟೆ, ಬಂದ ದಾರಿ, ಎಷ್ಟು ಇದ್ದವು, ಎಷ್ಟು ಬಾಳೆ ಹೋಯ್ತು ಅಂತ ಬರೆದಿಡ್ಲಿಕ್ಕೆ ಸುರು ಮಾಡಿದ. ಮುಂದೆ ಅವನಪ್ಪ ನಷ್ಟ ಪರಿಹಾರಕ್ಕೆ ಅರ್ಜಿ ಕೊಡುವಾಗ ಆ ನೋಟ್‌ಬುಕ್ಕು ಮೇಜಿನ ಮೇಲೆ ಇಟ್ಟರಂತೆ.

ಆನೆ ಚಂದ ಅಂತ ಮಾತ್ರ ಕಲಿಸಿ ಕಳಿಸುವ ಶಿಬಿರ ನನಗೆ ಬೇಡ. ನಮ್ಮ ಮಗು ತನ್ನ ಭಾಷೆಯಲ್ಲಿ ಈ ಪ್ರಶ್ನೆ ಕೇಳಲಿಕ್ಕೆ ಆಗದ ಶಿಬಿರವೂ ಬೇಡ.

ಬರೆದಿಡುವುದು ಅಂತ ಯಾಕೆ ಇಷ್ಟು ಒತ್ತಿ ಹೇಳುದು ಅಂದರೆ, ನಮ್ಮ ಊರಿನದ್ದೇ ಕಥೆ ಉಂಟು. ಎಣ್ಮಕಜೆಯ ಪಡ್ರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ. ಮೊದಲು ಗೊತ್ತಾದದ್ದು ಯಾರಿಗೆ? ಯಾವ ಪ್ರಯೋಗಾಲಯಕ್ಕೂ ಅಲ್ಲ. ದನ ಸಾಕುವವರಿಗೆ. 1979ರಲ್ಲೇ ಕಾಲು ತಿರುಚಿದ ಕರುಗಳು ಹುಟ್ಟಿದ್ದನ್ನು ನೋಡಿ ಬರೆದವರು ಪಡ್ರೆಯವರೇ ಆದ ಕನ್ನಡದ ಪತ್ರಕರ್ತ ಶ್ರೀಪಡ್ರೆ. ಜೇನುನೊಣ ಇಲ್ಲದಾದದ್ದು, ತೋಡಿನ ಮೀನು, ಕಪ್ಪೆ ಸತ್ತು ತೇಲಿದ್ದು ಊರಿನವರು ಕಂಡಿದ್ದರು. ಆಮೇಲೆ ವಾಣಿನಗರದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಒಂದೇ ಕಡೆಯಿಂದ ಯಾಕೆ ಇಷ್ಟು ಜನ ಅಂತ ಲೆಕ್ಕ ಇಟ್ಟರು. ದೇಶಕ್ಕೆ ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಮಧ್ಯದ ವರ್ಷಗಳನ್ನು ನೀವೇ ಕಳೆದು ನೋಡಿ. ಕರು, ಜೇನು, ಕಪ್ಪೆ ಇವನ್ನೆಲ್ಲ ಕಂಡವರಲ್ಲಿ ಇನ್ನೂ ಹತ್ತು ಜನ ತಾರೀಕು ಹಾಕಿ ಬರೆದಿಟ್ಟಿದ್ದರೆ ಆ ಲೆಕ್ಕದಲ್ಲಿ ಎಷ್ಟು ವರ್ಷ ಕಡಿಮೆ ಆಗ್ತಿತ್ತು ಅಂತ ನಾನು ರಾತ್ರಿ ಯೋಚಿಸುವುದುಂಟು.

ಬೇರೆ ಗಡಿಯವರಿಗೆ ಒಂದು ಮಾತು. ತಾಳವಾಡಿಯವರೇ, ನಿಮ್ಮ ಊರು ಸತ್ಯಮಂಗಲ ಹುಲಿ ಮೀಸಲಿನ ಒಡಲಲ್ಲೇ ಉಂಟು, 2013ರಿಂದ ಅದು ಹುಲಿ ಮೀಸಲು. ನಿಮ್ಮಲ್ಲಿಯ ಸೋಲಿಗರ ಹತ್ತಿರ 'ತರಗು ಬೆಂಕಿ' ಅಂತ ಒಂದು ಶಬ್ದ ಉಂಟು. ಬೇಸಗೆ ಏರುವ ಮೊದಲು ಒಣ ಎಲೆಗೆ ಮಾತ್ರ ಹಾಕುವ ಸಣ್ಣ ಬೆಂಕಿ. ಆ ಒಂದು ಶಬ್ದದ ಮೇಲೆ ಇಡೀ ದಿನದ ತರಗತಿ ಮಾಡಬಹುದು, ಮಾಡಲಿಕ್ಕೆ ಸೋಲಿಗ ಅಜ್ಜನನ್ನೇ ಕೂರಿಸಬಹುದು. ಸೊಲ್ಲಾಪುರದವರಿಗೆ ಪೇಟೆಯ ಪಕ್ಕದಲ್ಲೇ ನಾನ್ನಜ್ ಉಂಟು. ಆ ಹುಲ್ಲುಗಾವಲಿನ ದೊಡ್ಡ ಹಕ್ಕಿಗೆ ಮರಾಠಿಯಲ್ಲಿ ಮಾಳಢೋಕ, ನಮ್ಮ ಸಿರುಗುಪ್ಪದ ಎರೆಭೂಮಿಯಲ್ಲಿ ಎರೆಭೂತ, ಆದೋನಿಯಿಂದ ಆಚೆ ರೋಳ್ಳಪಾಡು ಕಡೆಗೆ ಬಟ್ಟಮೇಕ. ಮೂರು ರಾಜ್ಯಗಳ ಗಡಿಯಲ್ಲಿ ಮೂರು ಹೆಸರು ಉಂಟು, ಹಕ್ಕಿ ಮಾತ್ರ ಇಡೀ ದೇಶದಲ್ಲಿ ನೂರೈವತ್ತಕ್ಕಿಂತ ಹೆಚ್ಚಿಲ್ಲ ಅಂತ ಅಂದಾಜು. ನಿಮ್ಮ ಅಜ್ಜಂದಿರು ಆ ಹಕ್ಕಿಯನ್ನು ಹೊಲದಲ್ಲಿ ಕಂಡವರು. ಎಲ್ಲಿ, ಯಾವ ತಿಂಗಳು, ಎಷ್ಟು, ಅಂತ ಕೇಳಿ ಬರೆದುಕೊಳ್ಳಿ. ಅವರು ಹೋದ ಮೇಲೆ ಕೇಳಲಿಕ್ಕೆ ಯಾರೂ ಇರುದಿಲ್ಲ.

ಕರ್ನಾಟಕ ಸರಕಾರದ 'ಚಿಣ್ಣರ ವನ ದರ್ಶನ' ಉಂಟಲ್ಲ, ನಮ್ಮ ಮಕ್ಕಳನ್ನು ಅದಕ್ಕೆ ಸೇರಿಸಬಾರದಾ ಅಂತ ಕೆಲವರು ಕೇಳ್ತಾರೆ. ಅದು ಕರ್ನಾಟಕದ ಶಾಲೆಗಳಿಗೆ. ಕೇಳುವುದು ತಪ್ಪಲ್ಲ, ಆದರೆ ಕಾಯ್ತಾ ಕೂರ್ಬೇಡಿ. ಇನ್ನು ಕೆಲವರು, ಕನ್ನಡದವರಿಗೆ ಬೇರೆಯೇ ಶಿಬಿರ ಬೇಕು ಅಂತ ಬೇಡಿಕೆ ಇಡುವ ಅಂತಾರೆ. ನನಗೆ ಅದು ಅಷ್ಟು ಸರಿ ಕಾಣುದಿಲ್ಲ. ಬೇರೆ ಮಾಡಿದ್ರೆ ಆ ವಾಚರಣ್ಣನ ಚೀಟಿಯಲ್ಲಿ 'ಉಪ್ಪಳಿಗೆ' ಅಂತ ಹೇಗೆ ಸೇರ್ತಿತ್ತು? ಅದೇ ಶಿಬಿರಕ್ಕೆ ಹೋಗುವ, ಆದರೆ ಕರಪತ್ರ ಕನ್ನಡದಲ್ಲೂ ಇರಲಿ, ಜೊತೆಗೆ ಅನುವಾದಕ್ಕೆ ಒಬ್ಬರಿಗೆ ಜಾಗ ಕೊಡಲಿ. ಇಷ್ಟು ಕೇಳುವ. ಇದನ್ನು ಕೊಡುವುದಕ್ಕೆ ಯಾರಿಗೂ ದೊಡ್ಡ ಕಷ್ಟ ಇಲ್ಲ.

ಕೇಳುವುದು ಹೇಗೆ? ಕಾಸರಗೋಡಿನವರು ಇದನ್ನು ಗಮನಿಸಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದಲ್ಲಿರುವ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲೇ ಬರ್ಬೇಕು ಅಂತ ಉಂಟು. ಹಾಗಾಗಿ ಕಾಸರಗೋಡಿನ ಅರಣ್ಯ ಕಚೇರಿಗೆ, ಸಾಮಾಜಿಕ ಅರಣ್ಯ ವಿಭಾಗಕ್ಕೆ ಧಾರಾಳವಾಗಿ ಕನ್ನಡದಲ್ಲಿ ಬರೆಯಿರಿ, ಸೀಲು ಹಾಕಿಸಿ ಪ್ರತಿ ಇಟ್ಟುಕೊಳ್ಳಿ. ಶಾಲೆಯಲ್ಲಿ ಫಾರೆಸ್ಟ್ರಿ ಕ್ಲಬ್ ಇದ್ದರೆ ಅದರ ಹೆಸರಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಮೊದಲು ಕ್ಲಬ್ ಮಾಡಿಸಿ. ಬೇರೆ ಜಿಲ್ಲೆಯ ಅಭಯಾರಣ್ಯಕ್ಕೆ ಬರೆಯುವ ಅರ್ಜಿ ಮಾತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರಲಿ. ಅಲ್ಲಿ ಭಾಷೆಯ ಜಗಳ ತೆಗೆದರೆ ತಾರೀಕು ಹೋಗ್ತದೆ. ಅರ್ಜಿ ಬೇಗ ಹಾಕಿ, ಚಳಿಗಾಲದ ತಾರೀಕುಗಳು ಬೇಗ ತುಂಬ್ತವೆ. ಬಸ್ಸಿನ ಖರ್ಚಿಗೆ ಪಿಟಿಎ, ಹಳೇ ವಿದ್ಯಾರ್ಥಿಗಳು. ಹಳೇ ವಿದ್ಯಾರ್ಥಿಗಳು ಅಂದರೆ ನೀವೇ.

ಹುಡುಗಿಯರ ಮನೆಗೆ ಮಾತ್ರ ನಡೆದುಕೊಂಡೇ ಹೋಗ್ಬೇಕು. ಫೋನಿನಲ್ಲಿ ಆಗುದಿಲ್ಲ. ಅಜ್ಜಿ ಒಪ್ಪಿದರೆ ಅಮ್ಮ ಒಪ್ತಾರೆ, ಅಮ್ಮ ಒಪ್ಪಿದರೆ ಅಪ್ಪನದ್ದೇನಿಲ್ಲ. ಕಾಡಿನಲ್ಲಿ ಎರಡು ರಾತ್ರಿ ಅಂತ ಕೇಳಿದ ಕೂಡಲೇ ಬೇಡ ಅಂದವರ ಮನೆಯಲ್ಲೇ ನಾನು ಮೂರು ಸಲ ಚಾ ಕುಡಿದಿದ್ದೇನೆ, ಮೂರನೇ ಸಲಕ್ಕೆ ಒಪ್ಪಿದ್ದಾರೆ.

ಕಾಡಿಗೆ ಹೋಗುವ ಮೊದಲು ಊರಿನ ಪದವಿಗೆ ಹೋಗಿ. ಜುಲೈ, ಆಗಸ್ಟಿನಲ್ಲಿ ನಮ್ಮ ಮುರಕಲ್ಲಿನ ಪದವಿನಲ್ಲಿ ನೀರು ನಿಂತಲ್ಲಿ ನೀಲಿ ಹೂ ಚಾಪೆ ಹಾಸಿದ ಹಾಗೆ ಅರಳ್ತದಲ್ಲ, ಮಲಯಾಳದವರು ಓಣಂ ಹೂವಿನ ರಂಗೋಲಿಗೆ ಕೊಯ್ಯುವ 'ಕಾಕ್ಕಪ್ಪೂ', ಅದು ಹುಳ ತಿನ್ನುವ ಗಿಡ. ನೀರಿನಡಿ ಸಣ್ಣ ಚೀಲ ಇಟ್ಟು ಹಿಡಿಯುವುದು. ನಮ್ಮ ಮಕ್ಕಳು ಅದನ್ನು ತುಳಿದುಕೊಂಡೇ ಕ್ರಿಕೆಟ್ ಆಡ್ತಾರೆ. ನಾಗಬನದ ಮರಗಳನ್ನು ಪಟ್ಟಿ ಮಾಡಿ. ಸುರಂಗದ ಬಾಯಲ್ಲಿ ಬಾವಲಿ ಎಷ್ಟು ಅಂತ ಹೊರಗೆ ನಿಂತು ಎಣಿಸಿ, ಒಳಗೆ ಹೋಗ್ಬೇಡಿ. ಕಾಸರಕನ ಮರ ಒಂದನ್ನಾದರೂ ಗುರ್ತು ಹಿಡಿಯಿರಿ. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಮರ, ಹೂ, ಹಕ್ಕಿ, ಪ್ರಾಣಿ ಅಂತ ಘೋಷಣೆ ಮಾಡಿದ ದೇಶದ ಮೊದಲ ಜಿಲ್ಲೆ ಆಯ್ತು. ಜಿಲ್ಲಾ ಮರವಾಗಿ ಆರಿಸಿದ್ದು ಕಾಸರಕನನ್ನೇ, ಮಲಯಾಳದಲ್ಲಿ ಕಾಂಞಿರಂ. ಊರಿಗೆ ಆ ಹೆಸರು ಬಂದದ್ದು ಈ ಮರದಿಂದ ಅಂತ ಒಂದು ಅಭಿಪ್ರಾಯ ಉಂಟು. ಕಾಯಿ ಕಿತ್ತಳೆಯ ಹಾಗೆ ಚಂದ, ಬೀಜ ವಿಷ. ನನ್ನ ಕ್ಲಾಸಿನಲ್ಲಿ ಮೂವತ್ತೆಂಟು ಮಕ್ಕಳಲ್ಲಿ ಇಬ್ಬರಿಗೆ ಆ ಮರ ಗೊತ್ತಿತ್ತು. ಇಬ್ಬರೂ ದನ ಮೇಯಿಸುವವರು.

ಮೊದಲ ಸರ್ತಿ ಉಪ್ಪಳಿಗೆ ಅಂತ ಬರೆದು ಹೊಡೆದು ಹಾಕಿದ ಹುಡುಗಿ ಯಾರು ಅಂತ ನೀವು ಕೇಳ್ಲಿಲ್ಲ. ಎರಡನೇ ಸರ್ತಿ "ಗಟ್ಟಿ ಹೇಳು" ಅಂತ ಆ ಸಣ್ಣವಳಿಗೆ ಹೇಳಿದ್ದು ಅವಳೇ, ನಮ್ಮ ಅನುವಾದಕಿ. ಇವತ್ತು ಇಲ್ಲಿ ಬಂದಿದ್ದಾಳೆ, ಹಿಂದಿನಿಂದ ಎರಡನೇ ಸಾಲಿನಲ್ಲಿ ಕೂತು ತಲೆ ಬಗ್ಗಿಸಿದ್ದಾಳೆ.

ಈ ಜನವರಿಗೆ ಮತ್ತೆ ಆರಳಕ್ಕೆ ಅರ್ಜಿ ಹಾಕಿದ್ದೇವೆ. ಮೂರು ಶಾಲೆಯ ಮಕ್ಕಳು, ಅನುವಾದಕ್ಕೆ ಆರು ಜನ ಬೇಕು. ಈಗ ನಾಲ್ಕು ಹೆಸರು ಬಂದಿದೆ. ಚಾ ಕುಡಿಯುವಾಗ ಅವಳ ಹತ್ತಿರ ಹೆಸರು ಕೊಡಿ. ಉಪ್ಪು, ಸುಣ್ಣ ಅಥವಾ ಹೊಗೆಸೊಪ್ಪಿನ ನೀರು, ಯಾವುದಾದರೂ ಒಂದು ಡಬ್ಬಿಯಲ್ಲಿ ತನ್ನಿ. ಅಟ್ಟ ಉಂಟು.